ಕಾಣದ ಹುಲಿಯ ಲೆಕ್ಕ

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಎಷ್ಟು ಬೀದಿನಾಯಿಗಳಿವೆ ಎಂದು ಯಾರಾದರೂ ಕೇಳಿದರೆ ನೀವು ಏನು ಮಾಡುತ್ತೀರಿ? ಬೆಳಗ್ಗೆ ಒಂದು ಸುತ್ತು ಹೋಗಿ ಎಣಿಸುತ್ತೀರಿ. 12 ನಾಯಿಗಳು ಸಿಕ್ಕವು ಎನ್ನೋಣ. ಆದರೆ ಆ ಹೊತ್ತಿನಲ್ಲಿ ಒಂದು ನಾಯಿ ನಿಂತಿದ್ದ ಆಟೋದ ಕೆಳಗೆ ಮಲಗಿರಬಹುದು. ಇನ್ನೊಂದು ಪಕ್ಕದ ರಸ್ತೆಯ ಹೋಟೆಲಿನ ಹಿಂಬದಿಗೆ ಹೋಗಿರಬಹುದು. ಆದ್ದರಿಂದ 12 ಎಂಬುದು ಆ ರಸ್ತೆಯ ನಾಯಿಗಳ ಸಂಖ್ಯೆಯಲ್ಲ, ನಿಮ್ಮ ಕಣ್ಣಿಗೆ ಬಿದ್ದ ನಾಯಿಗಳ ಸಂಖ್ಯೆ. ಕಣ್ಣಿಗೆ ಬೀಳದೆ ಉಳಿದವು ಎಷ್ಟು?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ರೇಬಿಸ್ ಲಸಿಕೆ ಎಷ್ಟು ಬೇಕು, ಸಂತಾನಹರಣ ಚಿಕಿತ್ಸೆಗೆ ಎಷ್ಟು ಹಣ ಬೇಕು ಎಂಬುದು ಈ ಉತ್ತರವನ್ನು ಅವಲಂಬಿಸಿದೆ. 2023ರ ಜುಲೈಯಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಸಮೀಕ್ಷೆಯಲ್ಲಿ ನಗರದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ ಎಂಬ ಅಂದಾಜು ಬಂತು. ನಗರದ ಪ್ರತಿಯೊಂದು ನಾಯಿಯನ್ನೂ ಯಾರೂ ಎಣಿಸಲಿಲ್ಲ. ಆರಿಸಿದ ಭಾಗಗಳಲ್ಲಿ ನಾಯಿಗಳನ್ನು ನೋಡಿ ದಾಖಲಿಸಿ, ಮತ್ತೆ ಅದೇ ಜಾಗಕ್ಕೆ ಹೋಗಿ ಎಷ್ಟು ಹಳೆಯ ನಾಯಿಗಳು ಪುನಃ ಕಂಡವು ಎಂದು ನೋಡುವ ವಿಧಾನವನ್ನು ಅನುಸರಿಸಲಾಯಿತು.

ಕಾಡಿನ ಹುಲಿಯನ್ನು ಎಣಿಸುವುದೂ ಮೂಲತಃ ಇದೇ ಲೆಕ್ಕ. ಈ ಲೆಕ್ಕವನ್ನು ಹುಲಿಗೆ ಅನ್ವಯಿಸಿ ಜಗತ್ತಿಗೆ ತೋರಿಸಿಕೊಟ್ಟ ಕೆಲಸ ನಡೆದದ್ದು ನಮ್ಮ ನಾಗರಹೊಳೆಯಲ್ಲಿ ಎಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಮೊದಲು ಲೆಕ್ಕವನ್ನು ತಿಳಿದುಕೊಂಡು, ಆಮೇಲೆ ಕಾಡಿಗೆ ಹೋಗೋಣ.

ಮಾಡಿ ನೋಡಿ: ಪರಿಷೆಯ ಕಡಲೆಕಾಯಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಿಂದ ಅರ್ಧ ಕಿಲೋದಷ್ಟು ಕಡಲೆಕಾಯಿ ತನ್ನಿ. ಅದನ್ನು ಒಂದು ಬಟ್ಟೆಯ ಚೀಲಕ್ಕೆ ಸುರಿಯಿರಿ. ಎಷ್ಟು ಕಾಯಿಗಳಿವೆ ಎಂದು ಎಣಿಸಬೇಡಿ.

ಈಗ ಚೀಲದಿಂದ 60 ಕಾಯಿಗಳನ್ನು ತೆಗೆದು, ಪ್ರತಿಯೊಂದರ ಮೇಲೂ ಶಾಯಿಯಿಂದ ಗುರುತು ಹಾಕಿ, ಚೀಲಕ್ಕೆ ಮರಳಿ ಹಾಕಿ ಚೆನ್ನಾಗಿ ಕಲಸಿ. ನೋಡದೆ 50 ಕಾಯಿಗಳನ್ನು ತೆಗೆಯಿರಿ. ಅವುಗಳಲ್ಲಿ 10ರ ಮೇಲೆ ಗುರುತಿದೆ ಎಂದಿಟ್ಟುಕೊಳ್ಳಿ. ಅಂದರೆ ತೆಗೆದದ್ದರಲ್ಲಿ ಐದನೇ ಒಂದು ಭಾಗ ಗುರುತಿನವು. ಚೆನ್ನಾಗಿ ಕಲಸಿದ್ದರೆ ಇಡೀ ಚೀಲದಲ್ಲಿಯೂ ಸುಮಾರು ಐದನೇ ಒಂದು ಭಾಗ ಗುರುತಿನವೇ ಇರಬೇಕು. ಗುರುತು ಹಾಕಿದ್ದು 60. ಆದ್ದರಿಂದ ಚೀಲದಲ್ಲಿರುವ ಒಟ್ಟು ಕಾಯಿಗಳು ಸುಮಾರು 300.

ಸೂತ್ರವಾಗಿ ಬರೆದರೆ:

ಒಟ್ಟು ಸಂಖ್ಯೆ = (ಮೊದಲ ಸಲ ಗುರುತು ಹಾಕಿದವು × ಎರಡನೇ ಸಲ ತೆಗೆದವು) ÷ ಎರಡನೇ ಸಲ ಸಿಕ್ಕ ಗುರುತಿನವು

ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳ ಅಧ್ಯಯನದಲ್ಲಿ ಗುರುತು ಹಾಕುವ ಈ ಕ್ರಮವನ್ನು ಬಳಸಿದರು. ಅಮೆರಿಕದ ಲಿಂಕನ್ 1930ರಲ್ಲಿ ಕಾಲಿಗೆ ಬಳೆ ತೊಡಿಸಿದ ಬಾತುಗಳ ಲೆಕ್ಕಕ್ಕೆ ಇದನ್ನು ಅನ್ವಯಿಸಿದರು. ಆದ್ದರಿಂದ ಇದನ್ನು ಲಿಂಕನ್–ಪೀಟರ್ಸನ್ ವಿಧಾನ ಎನ್ನುತ್ತಾರೆ. ಭಾರತದ ಸಂಖ್ಯಾಶಾಸ್ತ್ರಜ್ಞ ಸಿ. ಚಂದ್ರಶೇಖರನ್ ಅವರು ಡೆಮಿಂಗ್ ಅವರ ಜೊತೆ ಸೇರಿ 1949ರಲ್ಲಿ ಇದೇ ತರ್ಕವನ್ನು ಮನುಷ್ಯರ ಜನನ ಮರಣಗಳ ನೋಂದಣಿಗೆ ಅನ್ವಯಿಸಿದ್ದನ್ನೂ ಇಲ್ಲಿ ನೆನೆಯಬೇಕು. ಎರಡು ಸ್ವತಂತ್ರ ಪಟ್ಟಿಗಳಿದ್ದು, ಎರಡರಲ್ಲಿಯೂ ಇರುವ ಹೆಸರುಗಳು ಎಷ್ಟೆಂದು ಗೊತ್ತಾದರೆ, ಎರಡರಲ್ಲಿಯೂ ಇಲ್ಲದವು ಎಷ್ಟೆಂದು ಅಂದಾಜು ಮಾಡಬಹುದು.

ತರಗತಿಯ ಬೇರೆ ಬೇರೆ ತಂಡಗಳು ಇದೇ ಪ್ರಯೋಗ ಮಾಡಿದರೆ ಒಂದೇ ಉತ್ತರ ಬರುವುದಿಲ್ಲ. ಒಬ್ಬರಿಗೆ 250, ಇನ್ನೊಬ್ಬರಿಗೆ 370 ಬರಬಹುದು. ಇದು ಯಾರ ತಪ್ಪೂ ಅಲ್ಲ. ಪಾಠದ ಮುಖ್ಯ ಭಾಗ ಇಲ್ಲಿಯೇ ಇದೆ. ಸಣ್ಣ ಸಂಖ್ಯೆಗಳಿದ್ದಾಗ ಮೇಲಿನ ಸೂತ್ರ ಕೊಂಚ ಹೆಚ್ಚಿನ ಉತ್ತರ ಕೊಡುವುದರಿಂದ, 1951ರಲ್ಲಿ ಚಾಪ್ಮನ್ ಸೂಚಿಸಿದ ತಿದ್ದುಪಡಿಯನ್ನು ಬಳಸುತ್ತಾರೆ. ಮೂರು ಸಂಖ್ಯೆಗಳಿಗೂ 1 ಕೂಡಿಸಿ ಅದೇ ಲೆಕ್ಕ ಮಾಡಿ, ಕೊನೆಗೆ 1 ಕಳೆಯಬೇಕು. ನಮ್ಮ ಉದಾಹರಣೆಯಲ್ಲಿ 61 × 51 ÷ 11 − 1, ಅಂದರೆ ಸುಮಾರು 282. ಇದರ ಮಾನಕ ದೋಷ ಸುಮಾರು 65. ಹೀಗಾಗಿ ನಾವು ಧೈರ್ಯವಾಗಿ ಹೇಳಬಹುದಾದದ್ದು, ಕಾಯಿಗಳ ಸಂಖ್ಯೆ ಸುಮಾರು 154 ಮತ್ತು 410ರ ನಡುವೆ ಇದೆ ಎಂದಷ್ಟೇ.

ಇಷ್ಟು ಅಗಲವಾದ ಉತ್ತರದಿಂದ ಏನು ಪ್ರಯೋಜನ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಆಗ ಹೆಚ್ಚು ಕಾಯಿಗಳನ್ನು ತೆಗೆದು ಮಾಡಿಸಿ. 120ಕ್ಕೆ ಗುರುತು ಹಾಕಿ, ಎರಡನೇ ಸಲ 100 ತೆಗೆದು, ಅದರಲ್ಲಿ 40 ಗುರುತಿನವು ಸಿಕ್ಕರೆ ಉತ್ತರ 297, ಮಾನಕ ದೋಷ ಸುಮಾರು 29. ಶ್ರಮ ಇಮ್ಮಡಿಯಾದಾಗ ಅನಿಶ್ಚಿತತೆ ಅರ್ಧಕ್ಕಿಂತ ಕಡಿಮೆಯಾಯಿತು. ಈ ವಿಧಾನದ ಹೆಚ್ಚುಗಾರಿಕೆ ಇಲ್ಲಿದೆ: ಅದು ಸಂಖ್ಯೆಯ ಜೊತೆಗೆ, ಆ ಸಂಖ್ಯೆಯನ್ನು ಎಷ್ಟು ನಂಬಬಹುದು ಎಂಬುದನ್ನೂ ಹೇಳುತ್ತದೆ.

ಲೆಕ್ಕದ ಹಿಂದಿನ ಷರತ್ತುಗಳು

ಸೂತ್ರ ಸರಳ, ಆದರೆ ಅದು ಕೆಲವು ಷರತ್ತುಗಳನ್ನು ಹಾಕುತ್ತದೆ. ಕಡಲೆಕಾಯಿಯಿಂದಲೇ ಅವನ್ನು ತಿಳಿಯಬಹುದು.

ಗುರುತು ಹಾಕಿದ ಕಾಯಿಗಳನ್ನು ಪ್ರಯೋಗದ ನಡುವೆ ಯಾರಾದರೂ ಬಿಡಿಸಿ ತಿಂದುಬಿಟ್ಟರೆ? ಎರಡನೇ ಸಲ ಗುರುತಿನವು ಕಡಿಮೆ ಸಿಗುತ್ತವೆ, ಭಾಜಕ ಚಿಕ್ಕದಾಗುತ್ತದೆ, ಉತ್ತರ ಉಬ್ಬುತ್ತದೆ. ಶಾಯಿ ಅಳಿಸಿ ಹೋದರೂ ಹೀಗೆಯೇ. ಚೀಲವನ್ನು ಕಲಸದೆ ಮೇಲಿನಿಂದಲೇ ತೆಗೆದರೆ ಗುರುತಿನವೇ ಹೆಚ್ಚಾಗಿ ಬರುತ್ತವೆ, ಉತ್ತರ ಕುಗ್ಗುತ್ತದೆ. ಎರಡು ಸಲದ ನಡುವೆ ಯಾರಾದರೂ ಹೊಸ ಕಾಯಿಗಳನ್ನು ಸುರಿದರೆ ನಾವು ಯಾವ ಚೀಲವನ್ನು ಎಣಿಸುತ್ತಿದ್ದೇವೆ ಎಂಬುದೇ ಅಸ್ಪಷ್ಟವಾಗುತ್ತದೆ.

ಇವೇ ಷರತ್ತುಗಳು ಕಾಡಿನಲ್ಲಿಯೂ ಇವೆ. ಸಮೀಕ್ಷೆಯ ಅವಧಿಯಲ್ಲಿ ಹುಟ್ಟು, ಸಾವು, ವಲಸೆ ತೀರಾ ಕಡಿಮೆ ಇರಬೇಕು. ಆದ್ದರಿಂದ ಸಮೀಕ್ಷೆಯನ್ನು ಒಂದೆರಡು ತಿಂಗಳೊಳಗೆ ಮುಗಿಸುತ್ತಾರೆ. ಗುರುತು ಅಳಿಸಬಾರದು, ಗುರುತಿಸುವುದರಲ್ಲಿ ತಪ್ಪಾಗಬಾರದು. ಎಲ್ಲ ಪ್ರಾಣಿಗಳೂ ಸಿಕ್ಕುವ ಅವಕಾಶ ಹೆಚ್ಚುಕಡಿಮೆ ಸಮನಾಗಿರಬೇಕು. ಇಲ್ಲವಾದರೆ ಆ ವ್ಯತ್ಯಾಸವನ್ನು ಗಣಿತ ಮಾದರಿಯಲ್ಲಿ ಸೇರಿಸಬೇಕು.

ಹೆಜ್ಜೆಗುರುತಿನ ಕಾಲ

ನಮ್ಮ ದೇಶದಲ್ಲಿ ಬಹುಕಾಲ ಹುಲಿಗಳನ್ನು ಎಣಿಸಿದ್ದು ಹೆಜ್ಜೆಗುರುತಿನಿಂದ. ಒಡಿಶಾದ ಅರಣ್ಯಾಧಿಕಾರಿ ಎಸ್.ಆರ್. ಚೌಧುರಿ 1960ರ ದಶಕದಲ್ಲಿ ರೂಪಿಸಿದ ಕ್ರಮವಿದು. ನೆಲದ ಮೇಲಿನ ಗುರುತಿನ ಮೇಲೆ ಗಾಜಿಟ್ಟು ಅದರ ಆಕಾರವನ್ನು ಎಳೆದು ಕಾಗದಕ್ಕೆ ಇಳಿಸಿ, ಆಕಾರಗಳನ್ನು ಹೋಲಿಸಿ ಇದು ಇಂಥ ಹುಲಿ, ಅದು ಇನ್ನೊಂದು ಎಂದು ನಿರ್ಧರಿಸಲಾಗುತ್ತಿತ್ತು. ದೇಶದ ಪ್ರತಿ ಹುಲಿಯ ಹೆಜ್ಜೆಯೂ ಸಿಕ್ಕೇ ಸಿಗುತ್ತದೆ, ಸಿಕ್ಕ ಹೆಜ್ಜೆಯನ್ನು ತಪ್ಪಿಲ್ಲದೆ ಗುರುತಿಸಬಹುದು ಎಂಬ ಎರಡು ನಂಬಿಕೆಗಳ ಮೇಲೆ ಇದು ನಿಂತಿತ್ತು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಒಣ ಧೂಳಿನಲ್ಲಿ ಇನ್ನೊಂದು ಬಗೆ, ನಿಧಾನ ನಡೆದಾಗ ಒಂದು ಬಗೆ, ಓಡಿದಾಗ ಮತ್ತೊಂದು ಬಗೆ. ಗಟ್ಟಿ ಕಲ್ಲುನೆಲದಲ್ಲಿ ಗುರುತೇ ಮೂಡುವುದಿಲ್ಲ. ಈ ಕ್ರಮದಲ್ಲಿ ತಪ್ಪಿಹೋದವು ಎಷ್ಟು ಎಂದು ಕೇಳಲು ಜಾಗವೇ ಇರಲಿಲ್ಲ. ಬೆಂಗಳೂರಿನ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1980ರ ದಶಕದಿಂದಲೇ ಇದನ್ನು ಬರೆಯುತ್ತ ಬಂದರು.

ಇದರ ಬೆಲೆಯನ್ನು ದೇಶ ತೆರಬೇಕಾಯಿತು. ರಾಜಸ್ಥಾನದ ಸರಿಸ್ಕಾದಲ್ಲಿ 2004ರ ಅಧಿಕೃತ ಲೆಕ್ಕದ ಪ್ರಕಾರ 16ರಿಂದ 18 ಹುಲಿಗಳಿದ್ದವು. 2005ರ ಹೊತ್ತಿಗೆ ಅಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು ಸ್ಪಷ್ಟವಾಯಿತು. ಕಳ್ಳಬೇಟೆಗಾರರು ಹುಲಿಗಳನ್ನು ಮುಗಿಸುತ್ತಿದ್ದಾಗ ಕಾಗದದ ಮೇಲೆ ಅವು ಬದುಕಿಯೇ ಇದ್ದವು. ಕೇಂದ್ರ ಸರ್ಕಾರ ಅದೇ ವರ್ಷ ಸುನೀತಾ ನಾರಾಯಣ್ ಅವರ ಅಧ್ಯಕ್ಷತೆಯಲ್ಲಿ ಕಾರ್ಯಪಡೆಯನ್ನು ನೇಮಿಸಿತು. ಹೆಜ್ಜೆಗುರುತಿನ ಗಣತಿಯನ್ನು ಕೈಬಿಡಲಾಯಿತು.

ಅಂಕಿಗಳನ್ನು ಗಮನಿಸಿ. 2002ರ ಹೆಜ್ಜೆಗುರುತಿನ ಲೆಕ್ಕದಲ್ಲಿ ದೇಶದ ಹುಲಿಗಳು 3,642. ಹೊಸ ವಿಧಾನದಿಂದ ನಡೆದ 2006ರ ಅಂದಾಜಿನಲ್ಲಿ 1,411. ಹಾಗಾದರೆ ನಾಲ್ಕು ವರ್ಷಗಳಲ್ಲಿ 2,231 ಹುಲಿಗಳು ಸತ್ತವೇ? ಹಾಗೆಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು. ಮೊದಲ ಸಂಖ್ಯೆಗೆ ದೋಷದ ಅಳತೆಯೇ ಇಲ್ಲದಿರುವುದರಿಂದ ಎರಡನ್ನೂ ಕಳೆದು ನೋಡುವುದಕ್ಕೆ ಅರ್ಥವಿಲ್ಲ. ಮೂರು ದಶಕಗಳ ಶ್ರಮದ ಲೆಕ್ಕದಿಂದ ಹುಲಿ ಹೆಚ್ಚಿತೋ ಕಡಿಮೆಯಾಯಿತೋ ಎಂಬ ಒಂದು ಪ್ರಶ್ನೆಗೂ ಉತ್ತರ ಸಿಗಲಿಲ್ಲ.

ನಾಗರಹೊಳೆಯ ಪಟ್ಟೆಗಳು

ಹುಲಿಗೆ ಶಾಯಿಯ ಗುರುತು ಹಾಕಬೇಕಿಲ್ಲ. ಪ್ರಕೃತಿಯೇ ಹಾಕಿದೆ. ಒಂದು ಹುಲಿಯ ಪಟ್ಟೆಗಳಂತೆ ಇನ್ನೊಂದರ ಪಟ್ಟೆಗಳಿರುವುದಿಲ್ಲ. ಒಂದೇ ಹುಲಿಯ ಎಡಮೈ, ಬಲಮೈಗಳ ಪಟ್ಟೆಗಳೂ ಬೇರೆ. ಹುಲಿ ಓಡಾಡುವ ಕಾಡುದಾರಿಯ ಎರಡು ಬದಿಗಳಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾ ಇಟ್ಟರೆ, ಹುಲಿ ಹಾದುಹೋದಾಗ ಎರಡೂ ಮೈಗಳ ಚಿತ್ರ ತಾನಾಗಿ ದಾಖಲಾಗುತ್ತದೆ. ಇದೇ ಕ್ಯಾಮೆರಾ ಟ್ರ್ಯಾಪ್.

ಕಾರಂತರು ನಾಗರಹೊಳೆಯಲ್ಲಿ ಈ ಚಿತ್ರಗಳನ್ನು ಮೇಲಿನ ಲೆಕ್ಕಕ್ಕೆ ಜೋಡಿಸಿ 1995ರಲ್ಲಿ ಪ್ರಕಟಿಸಿದರು. 1998ರಲ್ಲಿ ಅವರೂ ಅಮೆರಿಕದ ಜೇಮ್ಸ್ ನಿಕೋಲ್ಸ್ ಅವರೂ ನಾಗರಹೊಳೆ, ಕಾನ್ಹಾ, ಪೆಂಚ್, ಕಾಜಿರಂಗ ಈ ನಾಲ್ಕು ಕಾಡುಗಳ ಫಲಿತಾಂಶವನ್ನು ಕೊಟ್ಟರು. 100 ಚದರ ಕಿಲೋಮೀಟರಿಗೆ ಹುಲಿಗಳ ಸಾಂದ್ರತೆ ಪೆಂಚ್‌ನಲ್ಲಿ 4.1, ಕಾಜಿರಂಗದಲ್ಲಿ 16.8, ಪ್ರತಿಯೊಂದರ ಜೊತೆಗೂ ಅದರ ಮಾನಕ ದೋಷ ಇತ್ತು.

ಇಲ್ಲಿ ಎರಡು ಸಲ ಮಾತ್ರವಲ್ಲ, ಪ್ರತಿ ರಾತ್ರಿಯೂ ಒಂದು ‘ಹಿಡಿಯುವಿಕೆ’. ಒಂದೊಂದು ಹುಲಿಗೂ 0 ಮತ್ತು 1ರ ಸಾಲು ತಯಾರಾಗುತ್ತದೆ: ಚಿತ್ರ ಸಿಕ್ಕ ರಾತ್ರಿ 1, ಸಿಗದ ರಾತ್ರಿ 0. ಸಿಕ್ಕ ಹುಲಿಗಳಲ್ಲಿ ಹೆಚ್ಚಿನವು ಐದಾರು ಸಲ ಸಿಕ್ಕಿದ್ದರೆ, ಒಮ್ಮೆಯೂ ಸಿಗದ ಹುಲಿಗಳು ಕಡಿಮೆ ಇರಬೇಕು. ಹೆಚ್ಚಿನವು ಒಂದೇ ಸಲ ಸಿಕ್ಕಿದ್ದರೆ, ಸಿಗದೆ ಉಳಿದವು ಬಹಳ ಇರಬೇಕು. ಹೀಗೆ ಕಂಡ ಹುಲಿಗಳೇ ಕಾಣದ ಹುಲಿಗಳ ಸುಳಿವು ಕೊಡುತ್ತವೆ.

ಒಂದು ಲೆಕ್ಕ ಮಾಡಿ ನೋಡಿ. ಒಂದು ಕಾಡಿನಲ್ಲಿ ಹುಲಿಯೊಂದರ ಚಿತ್ರ ಒಂದು ರಾತ್ರಿಯಲ್ಲಿ ಸಿಗುವ ಸಂಭವನೀಯತೆ 0.1 ಇರಲಿ. ಸಿಗದಿರುವ ಸಂಭವನೀಯತೆ 0.9. 45 ರಾತ್ರಿಗಳೂ ಸಿಗದಿರುವ ಸಂಭವನೀಯತೆ 0.9ರ 45ನೇ ಘಾತ, ಅಂದರೆ 0.009ರಷ್ಟು. ಇಲ್ಲಿ ಬಹುತೇಕ ಎಲ್ಲ ಹುಲಿಗಳೂ ದಾಖಲಾಗುತ್ತವೆ. ಇನ್ನೊಂದು ಕಾಡಿನಲ್ಲಿ ಅದೇ ಸಂಭವನೀಯತೆ 0.02 ಇದ್ದರೆ, 0.98ರ 45ನೇ ಘಾತ 0.40. ನೂರಕ್ಕೆ ನಲವತ್ತು ಹುಲಿಗಳು ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ. ಎರಡೂ ಕಾಡುಗಳಲ್ಲಿ ತಲಾ 30 ಹುಲಿಗಳ ಚಿತ್ರ ಸಿಕ್ಕಿದ್ದರೂ, ಮೊದಲ ಕಾಡಿನಲ್ಲಿ ಸುಮಾರು 30, ಎರಡನೆಯದರಲ್ಲಿ ಸುಮಾರು 50 ಹುಲಿಗಳಿವೆ. ಪತ್ತೆಯ ಸಂಭವನೀಯತೆ ಗೊತ್ತಿಲ್ಲದೆ ಕಂಡವುಗಳನ್ನು ಮಾತ್ರ ಹೋಲಿಸಿದ್ದರೆ ಎರಡೂ ಒಂದೇ ಎಂದು ತೀರ್ಮಾನಿಸುತ್ತಿದ್ದೆವು.

ವರ್ಷ ವರ್ಷವೂ ಇದೇ ಕೆಲಸ ಮಾಡಿದರೆ ಸಂಖ್ಯೆಗಿಂತ ಹೆಚ್ಚಿನದು ತಿಳಿಯುತ್ತದೆ. ನಾಗರಹೊಳೆಯಲ್ಲಿ 1991ರಿಂದ 2000ದವರೆಗಿನ ಚಿತ್ರಗಳನ್ನು ಕಾರಂತ, ನಿಕೋಲ್ಸ್, ಎನ್. ಸಾಂಬ ಕುಮಾರ್ ಮತ್ತು ಹೈನ್ಸ್ 2006ರಲ್ಲಿ ವಿಶ್ಲೇಷಿಸಿದರು. ಒಟ್ಟು 74 ಹುಲಿಗಳ ದಾಖಲೆ ಅದರಲ್ಲಿತ್ತು. ಒಂದು ವರ್ಷ ಇದ್ದ ಹುಲಿ ಮುಂದಿನ ವರ್ಷವೂ ಅಲ್ಲಿ ಇರುವ ಸಂಭವನೀಯತೆ 0.77 ಎಂದು ಬಂತು. ಅಂದರೆ ಸುರಕ್ಷಿತ ಕಾಡಿನಲ್ಲಿಯೂ ವರ್ಷಕ್ಕೆ ನೂರಕ್ಕೆ ಸುಮಾರು 23 ಹುಲಿಗಳು ಸಾಯುತ್ತವೆ ಅಥವಾ ಬೇರೆಡೆಗೆ ಹೋಗುತ್ತವೆ. ಆದರೂ ಒಟ್ಟು ಸಂಖ್ಯೆ ಸರಾಸರಿ ವರ್ಷಕ್ಕೆ ಶೇಕಡ 3ರಷ್ಟು ಬೆಳೆಯುತ್ತಿತ್ತು, ಏಕೆಂದರೆ ಹೊಸ ಹುಲಿಗಳು ಸೇರುತ್ತಿದ್ದವು. ಪತ್ರಿಕೆಯಲ್ಲಿ ಒಂದು ಹುಲಿ ಸತ್ತ ಸುದ್ದಿ ಓದಿದಾಗ ಕೇಳಬೇಕಾದ ಪ್ರಶ್ನೆ ಇದರಿಂದ ಸ್ಪಷ್ಟವಾಗುತ್ತದೆ: ಸಾವಿನ ದರ ಹೊಸ ಸೇರ್ಪಡೆಯ ದರವನ್ನು ಮೀರಿದೆಯೇ?

ಹುಲಿ ಸಿಕ್ಕಿತು, ಕಾಡು ಎಷ್ಟು?

ಕಡಲೆಕಾಯಿಯ ಚೀಲಕ್ಕೆ ಅಂಚು ಇದೆ, ಕಾಡಿಗೆ ಇಲ್ಲ. 200 ಚದರ ಕಿಲೋಮೀಟರಿನಲ್ಲಿ ಕ್ಯಾಮೆರಾ ಇಟ್ಟು 30 ಹುಲಿಗಳಿವೆ ಎಂಬ ಅಂದಾಜು ಬಂದರೆ ಸಾಂದ್ರತೆ 100 ಚದರ ಕಿಲೋಮೀಟರಿಗೆ 15 ಎನ್ನಬಹುದೇ? ಅಂಚಿನಲ್ಲಿ ಸಿಕ್ಕ ಕೆಲವು ಹುಲಿಗಳು ಹೊರಗಿನ ಕಾಡಿನಿಂದ ಬಂದು ಹೋಗುವಂಥವು. ನಿಜವಾಗಿ ಕ್ಯಾಮೆರಾಗಳ ವ್ಯಾಪ್ತಿಗೆ ಬಂದ ಕಾಡು 300 ಚದರ ಕಿಲೋಮೀಟರ್ ಆಗಿದ್ದರೆ ಸಾಂದ್ರತೆ 10 ಮಾತ್ರ.

ಇದಕ್ಕೆ ಪರಿಹಾರವಾಗಿ ಬಂದ ಗಣಿತ ಮಾದರಿಗಳು ಚಿತ್ರ ಎಲ್ಲಿ ಸಿಕ್ಕಿತು ಎಂಬುದನ್ನೂ ಲೆಕ್ಕಕ್ಕೆ ಸೇರಿಸುತ್ತವೆ. ಪ್ರತಿ ಹುಲಿಗೂ ಓಡಾಟದ ಒಂದು ಕೇಂದ್ರವಿದೆ; ಅಲ್ಲಿಂದ ದೂರ ಹೋದಂತೆ ಅದು ಕ್ಯಾಮೆರಾಕ್ಕೆ ಸಿಗುವ ಸಂಭವನೀಯತೆ ಇಳಿಯುತ್ತದೆ ಎಂಬುದು ಇವುಗಳ ಆಧಾರ. ನಾಗರಹೊಳೆಯ ಮಾಹಿತಿಯನ್ನು ಬಳಸಿ ರಾಯ್ಲ್, ಕಾರಂತ, ಅರ್ಜುನ್ ಗೋಪಾಲಸ್ವಾಮಿ ಮತ್ತು ಸಾಂಬ ಕುಮಾರ್ 2009ರಲ್ಲಿ ಇಂಥ ಮಾದರಿಯನ್ನು ಪ್ರಕಟಿಸಿದರು. ಇದನ್ನು ಬಳಸಲು ಅನುವಾಗುವಂತೆ ‘ಸ್ಪೇಸ್‌ಕ್ಯಾಪ್’ ಎಂಬ ತಂತ್ರಾಂಶವೂ ಬಂತು.

ಇಡೀ ದೇಶದ ಲೆಕ್ಕ ಮತ್ತು ಒಂದು ವಿವಾದ

ದೇಶದ ಎಲ್ಲ ಕಾಡುಗಳಲ್ಲಿಯೂ ಕ್ಯಾಮೆರಾ ಇಡುವುದು ಸಾಧ್ಯವಿಲ್ಲ. ಆದ್ದರಿಂದ 2006ರಿಂದ ನಡೆದಿರುವ ರಾಷ್ಟ್ರೀಯ ಅಂದಾಜಿನಲ್ಲಿ ಕೆಲವೆಡೆ ಕ್ಯಾಮೆರಾ, ಉಳಿದೆಡೆ ಹೆಜ್ಜೆ, ಲದ್ದಿ ಮುಂತಾದ ಕುರುಹುಗಳನ್ನು ದಾಖಲಿಸಿ, ಎರಡರ ನಡುವಿನ ಸಂಬಂಧದಿಂದ ಉಳಿದ ಕಾಡುಗಳ ಹುಲಿಗಳನ್ನು ಅಂದಾಜು ಮಾಡಲಾಯಿತು.

2015ರಲ್ಲಿ ಗೋಪಾಲಸ್ವಾಮಿ, ಕಾರಂತ, ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೋಹನ್ ದೇಲಂಪಾಡಿ ಮತ್ತಿತರರು ಈ ಹೆಜ್ಜೆಯನ್ನು ಗಣಿತದಿಂದ ಪರೀಕ್ಷಿಸಿದರು. ಅವರ ವಾದದ ಸಾರ ಹೀಗಿದೆ. ಸಿಗುವ ಕುರುಹುಗಳು ಹುಲಿಗಳ ಸಂಖ್ಯೆಯಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಕುರುಹು ಕಣ್ಣಿಗೆ ಬೀಳುವ ಸಂಭವನೀಯತೆಯೂ ಅದರಲ್ಲಿ ಸೇರಿದೆ. ಮಣ್ಣು, ಎಲೆಯ ಹಾಸು, ಮಳೆ, ಹುಡುಕುವವರ ಅನುಭವ ಇವುಗಳಿಂದ ಈ ಸಂಭವನೀಯತೆ ಕಾಡಿನಿಂದ ಕಾಡಿಗೆ ಬದಲಾಗುತ್ತದೆ. ಅದು ಸ್ವಲ್ಪ ಬದಲಾದರೂ ಕುರುಹಿಗೂ ಹುಲಿಯ ಸಂಖ್ಯೆಗೂ ಇರುವ ಸಂಬಂಧ ಸಡಿಲವಾಗುತ್ತದೆ. ರಾಷ್ಟ್ರೀಯ ಅಂದಾಜು ನಡೆಸಿದ ವಿಜ್ಞಾನಿಗಳು ಈ ಟೀಕೆಯನ್ನು ಒಪ್ಪಲಿಲ್ಲ. ತಮ್ಮ ಮಾಹಿತಿಯ ಆಧಾರದ ಮೇಲೆ ಉತ್ತರ ಬರೆದರು. ವಿಜ್ಞಾನದಲ್ಲಿ ಇಂಥ ಜಗಳ ಆರೋಗ್ಯದ ಲಕ್ಷಣ. ಹೆಜ್ಜೆಗುರುತಿನ ಕಾಲದಲ್ಲಿ ಸೂತ್ರವೇ ಇಲ್ಲದಿದ್ದುದರಿಂದ ಯಾವ ಹೆಜ್ಜೆಯಲ್ಲಿ ದೋಷವಿದೆ ಎಂದು ಬೆರಳಿಟ್ಟು ತೋರಿಸುವುದೂ ಕಷ್ಟವಾಗಿತ್ತು.

ಈ ನಡುವೆ ಕ್ಯಾಮೆರಾಗಳ ಬಳಕೆ ಬಹಳ ಹೆಚ್ಚಿತು. 2018ರ ಅಂದಾಜಿನಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. ಅಂದಾಜಾದ 2,967 ಹುಲಿಗಳಲ್ಲಿ 2,461ರ ಚಿತ್ರ, ಅಂದರೆ ಶೇಕಡ 83ರಷ್ಟು, ಕೈಯಲ್ಲಿತ್ತು. 2022ರ ಅಂದಾಜು 3,682. ಅದರ ವ್ಯಾಪ್ತಿ 3,167ರಿಂದ 3,925. ಕರ್ನಾಟಕದ ಪಾಲು 563. ಪತ್ರಿಕೆಗಳ ತಲೆಬರಹದಲ್ಲಿ ಬಂದದ್ದು ಒಂದೇ ಸಂಖ್ಯೆ. ವಿಜ್ಞಾನದ ವಿದ್ಯಾರ್ಥಿ ನೋಡಬೇಕಾದದ್ದು ವ್ಯಾಪ್ತಿಯನ್ನು.

ಪಟ್ಟೆಯಿಲ್ಲದ ಪ್ರಾಣಿಗೆ ಬೇರೆ ಗುರುತು ಹುಡುಕಬೇಕು. 2025ರಲ್ಲಿ ಪ್ರಕಟವಾದ ಆನೆಗಳ ರಾಷ್ಟ್ರೀಯ ಅಂದಾಜಿನಲ್ಲಿ ಲದ್ದಿಯಿಂದ ತೆಗೆದ ಡಿಎನ್ಎ ಗುರುತಿನ ಕೆಲಸ ಮಾಡಿತು. ಹೀಗೆ ಗುರುತಿಸಿದ ಆನೆಗಳು 4,065, ದೇಶದ ಒಟ್ಟು ಅಂದಾಜು 22,446. ಹುಲಿಯ ಲೆಕ್ಕದಲ್ಲಿ ಗುರುತಿಸಿದವು ಶೇಕಡ 83, ಆನೆಯ ಲೆಕ್ಕದಲ್ಲಿ ಶೇಕಡ 18. ಎರಡನೆಯದರಲ್ಲಿ ಗಣಿತ ಮಾದರಿಯ ಮೇಲೆ ಬೀಳುವ ಭಾರ ಎಷ್ಟು ಹೆಚ್ಚೆಂದು ಇದರಿಂದ ಊಹಿಸಬಹುದು.

ನಿಮ್ಮ ಶಾಲೆಯಲ್ಲಿ

ಕಡಲೆಕಾಯಿಯ ನಂತರ ವಿದ್ಯಾರ್ಥಿಗಳನ್ನು ರಸ್ತೆಗೆ ಕರೆದೊಯ್ಯಿರಿ. ಮಲ್ಲೇಶ್ವರದಂಥ ಸಾಲುಮರಗಳ ರಸ್ತೆಯಲ್ಲಿ ಕಾಗೆಗೂಡುಗಳನ್ನು ಎಣಿಸಬಹುದು. ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ, ಒಬ್ಬರನ್ನೊಬ್ಬರು ಕೇಳದೆ, ಕಂಡ ಗೂಡುಗಳನ್ನು ನಕ್ಷೆಯಲ್ಲಿ ಗುರುತಿಸಲಿ. ಮೊದಲನೆಯವರಿಗೆ 20, ಎರಡನೆಯವರಿಗೆ 18, ಇಬ್ಬರಿಗೂ ಕಂಡವು 15 ಎನ್ನಿ. 20 × 18 ÷ 15 = 24. ಇಬ್ಬರೂ ಸೇರಿ ನೋಡಿದ್ದು 23. ಒಂದು ಗೂಡು ಇಬ್ಬರಿಗೂ ತಪ್ಪಿರಬಹುದು. ಆಮೇಲೆ ಒಂದು ಪ್ರಶ್ನೆ ಕೇಳಿ: ದಟ್ಟ ಎಲೆಯ ನಡುವೆ ಯಾರಿಗೂ ಕಾಣದಂತೆ ಇರುವ ಗೂಡುಗಳೇ ಹೆಚ್ಚಾಗಿದ್ದರೆ ಈ ಉತ್ತರ ಹೆಚ್ಚಾಗುವುದೇ, ಕಡಿಮೆಯಾಗುವುದೇ? ಕಡಲೆಕಾಯಿಯ ಷರತ್ತುಗಳನ್ನು ನೆನೆದರೆ ಉತ್ತರ ಅವರೇ ಹೇಳುತ್ತಾರೆ.

ಇಷ್ಟು ಮಾಡಿದ ವಿದ್ಯಾರ್ಥಿ ಮುಂದೆ ಪ್ರಾಣಿಗಳ ಯಾವುದೇ ಸಂಖ್ಯೆಯನ್ನು ಓದಿದಾಗ ಮೂರು ಪ್ರಶ್ನೆ ಕೇಳಬಲ್ಲ. ಎಷ್ಟು ಕಂಡವು? ಕಾಣದವುಗಳನ್ನು ಹೇಗೆ ಅಂದಾಜು ಮಾಡಿದರು? ಆ ಅಂದಾಜಿನ ದೋಷ ಎಷ್ಟು? ಸರಿಸ್ಕಾದ ಲೆಕ್ಕಕ್ಕೆ ಈ ಪ್ರಶ್ನೆಗಳನ್ನು ಹೊತ್ತಿಗೆ ಸರಿಯಾಗಿ ಕೇಳಿ ಉತ್ತರ ಪಡೆದಿದ್ದರೆ, ಅಲ್ಲಿನ ಕೊನೆಯ ಹುಲಿಗಳು ಕಣ್ಮರೆಯಾಗುವ ಮೊದಲೇ ಎಚ್ಚರಿಕೆ ಸಿಗುತ್ತಿತ್ತು.